ನಾಲೆ ಏರಿಗೆ ಬಾಳೆಕಂದು ಕಟ್ಟಿದವರು

ನಮ್ಮೂರಿನ ಗಂಡಸರ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಪ್ರಯತ್ನಪಟ್ಟು ನೋಡಿದ್ದೇನೆ, ಬರುವುದಿಲ್ಲ. ಮಕ್ಕಳು ಹೈಸ್ಕೂಲಿಗೆ ಹೋಗುವ ದಾರಿ ಅಪಾಯದ್ದು, ದಯವಿಟ್ಟು ಒಂದು ಬಸ್ಸು ಕೊಡಿ ಎಂದು ತಾವೇ ಅರ್ಜಿ ಹಾಕಿದರು. ಆ ಅಪಾಯವನ್ನು ಕಣ್ಣಾರೆ ನೋಡಲು ಡಿಪೋದ ಸಾಹೇಬರು ಬರುತ್ತಾರೆ ಅಂತ ಗೊತ್ತಾದದ್ದೇ ತಡ, ಅದೇ ದಾರಿಗೆ ಬಾಳೆಕಂದು ನೆಟ್ಟು, ಮಾವಿನ ತೋರಣ ಕಟ್ಟಿ ಸಿಂಗಾರ ಮಾಡಿದರು. ಇಂಥ ಜನವನ್ನು ನಾನು ಬೇರೆ ಯಾವ ತಾಲ್ಲೂಕಿನಲ್ಲೂ ಕಂಡಿಲ್ಲ.

ನಮ್ಮೂರು ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ಟಾರು ರಸ್ತೆಯಿಂದ ಒಳಗಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿ ಏಳನೇ ತರಗತಿಯವರೆಗೆ ಮಾತ್ರ ಶಾಲೆ ಇತ್ತು. ಹೈಸ್ಕೂಲು ಹೋಬಳಿ ಊರಿನಲ್ಲಿ. ಜಲ್ಲಿ ರಸ್ತೆಯಲ್ಲಿ ಸುತ್ತಿ ಬಳಸಿ ಹೋದರೆ ಹತ್ತು ಕಿಲೋಮೀಟರು. ಆ ರಸ್ತೆಯಲ್ಲಿ ಹೊಗೆಸೊಪ್ಪಿನ ಲಾರಿ ಬರುತ್ತಿತ್ತು, ಟ್ರ್ಯಾಕ್ಟರ್ ಬರುತ್ತಿತ್ತು, ಓಟು ಕೇಳುವವರ ಜೀಪೂ ಬರುತ್ತಿತ್ತು, ಬಸ್ಸು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ಹೈಸ್ಕೂಲಿನ ಮಕ್ಕಳು ಕಾಲುದಾರಿ ಹಿಡಿಯುತ್ತಿದ್ದರು. ಅದು ಅರ್ಧದಷ್ಟೇ ದೂರ. ಮೊದಲು ನಾಲೆ ಏರಿಯ ಮೇಲೆ ಆಳೆತ್ತರದ ಲಂಟಾನದ ಪೊದೆಯ ನಡುವೆ ನಡೆಯಬೇಕು. ಆಮೇಲೆ ನಾಲೆ ದಾಟಬೇಕು. ಅಲ್ಲಿದ್ದ ಕಾಲುಸೇತುವೆ ಯಾವಾಗಲೋ ಕೊಚ್ಚಿಹೋಗಿ, ಅದರ ಜಾಗದಲ್ಲಿ ಎರಡು ತೆಂಗಿನ ದಿಮ್ಮಿ ಬಿದ್ದಿದ್ದವು. ದಾಟಿದ ಮೇಲೆ ಸಾರಾಯಿ ಅಂಗಡಿ. ಅದರ ಮುಂದಿನ ಕಲ್ಲುಬೆಂಚಿನ ಮೇಲೆ ಬೆಳಿಗ್ಗೆ ಒಂಬತ್ತಕ್ಕೇ ಕೂತಿರುವ ಮಹನೀಯರು ಹುಡುಗಿಯರ ಲಂಗದ ಬಗ್ಗೆ ಮಾಡುವ ಟೀಕೆಗಳನ್ನು ಕೇಳಿಸಿಕೊಂಡೂ ಕೇಳಿಸದ ಹಾಗೆ ಹೋಗಬೇಕು. ಕೊನೆಯಲ್ಲಿ ಟಾರು ರಸ್ತೆಯ ತಿರುವು, ಅಲ್ಲಿ ರಾಮನಾಥಪುರದ ಹೊಗೆಸೊಪ್ಪಿನ ಹರಾಜಿಗೆ ಹೋಗುವ ಲಾರಿಗಳು.

ಹೀಗಾಗಿ ನಮ್ಮೂರಿನ ಹೆಣ್ಣುಮಕ್ಕಳ ಓದು ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ನಮಗಿಂತ ಎರಡು ವರ್ಷ ದೊಡ್ಡವಳಾದ ಒಬ್ಬಳು ಹಟ ಮಾಡಿ ಹೋಗಿ, ದಿಮ್ಮಿಯಿಂದ ಜಾರಿ ಕೈ ಮುರಿದುಕೊಂಡಳು. ಊರು ಅವಳನ್ನು ಬೈದ ಹಾಗೆ ದಿಮ್ಮಿಯನ್ನು ಬೈಯಲಿಲ್ಲ.

ನಾನು ಏಳನೆಯದರಲ್ಲಿದ್ದೆ. ನನ್ನ ಜೊತೆಗೆ ಪಕ್ಕದ ಮನೆಯ ಗೆಳತಿ. ನಮ್ಮಪ್ಪ ದೇವಸ್ಥಾನದ ಅರ್ಚಕರು, ಅವಳಪ್ಪ ಹೊಗೆಸೊಪ್ಪು ಬೆಳೆಯುವವರು. ಲೆಕ್ಕದಲ್ಲಿ ಅವಳ ಮುಂದೆ ನಾನು ಸೊನ್ನೆ. ನಾನು ಸ್ಲೇಟು ಒರೆಸುವುದರೊಳಗೆ ಅವಳು ಉತ್ತರ ಬರೆದು ನನ್ನ ಕಡೆ ತಿರುಗಿಸಿ ಇಟ್ಟಿರುತ್ತಿದ್ದಳು. ಮುಂದೆ ಟೀಚರ್ ಆಗುತ್ತೇನೆ ಎಂದು ಹೇಳುತ್ತಿದ್ದಳು. ಒಂದು ಸಂಜೆ ಅವಳಪ್ಪ ನಮ್ಮ ಜಗಲಿಗೆ ಬಂದು ನಮ್ಮಪ್ಪನ ಹತ್ತಿರ ಹೇಳಿದ ಮಾತು ನನಗೆ ನೆನಪಿದೆ.

"ಬಸ್ಸು ಬಂದ್ರೆ ಮಗ ಐಸ್ಕೂಲ್ಗೆ ಓಯ್ತಳೆ ಐನೋರೆ. ಬರ್ನಿಲ್ಲ ಅಂದ್ರೆ ಮನೇಲಿರ್ತಳೆ. ಆ ಸಾರಾಯ್ ಅಂಗ್ಡಿ ಮುಂದೆ ನಾನು ಕಳ್ಸಾಕಿಲ್ಲ. ನೀವೇ ಒಂದು ಅರ್ಜಿ ಬರ್ಕೊಡಿ."

ಅವರ ಮೇಲೆ ನನಗೆ ಕೋಪವಿಲ್ಲ. ಇಡೀ ಊರಿನಲ್ಲಿ ವಿಷಯ ಏನು ಅಂತ ನೆಟ್ಟಗೆ ಹೇಳಿದವರು ಅವರೊಬ್ಬರೇ.

ಅರ್ಜಿ ಬರೆಯುವುದೆಂದರೆ ನಮ್ಮಪ್ಪನಿಗೆ ಹಬ್ಬ. ಮೂರು ಹಾಳೆ ಬರೆದರು. ಮೊದಲನೆಯದರಲ್ಲಿ ಗ್ರಾಮದ ಪ್ರಾಚೀನತೆ, ದೇವಸ್ಥಾನದ ಕಂಬಗಳ ಕೆತ್ತನೆ. ಎರಡನೆಯದರಲ್ಲಿ ಯಾವ ಕಾಲದಲ್ಲೋ ದಿವಾನರೊಬ್ಬರು ಈ ಊರಿನ ಎಳನೀರು ಕುಡಿದು ಮೆಚ್ಚಿದ್ದು. ಮಕ್ಕಳು ಕಾಣಿಸಿಕೊಂಡದ್ದು ಮೂರನೆಯ ಹಾಳೆಯ ಮಧ್ಯದಲ್ಲಿ, "ಪ್ರಸ್ತುತ ವಿದ್ಯಾರ್ಥಿ ವೃಂದಕ್ಕೆ ಕಿಂಚಿತ್ ಅನಾನುಕೂಲ ಉಂಟಾಗಿರುವುದರಿಂದ" ಎಂಬ ಸಾಲಿನಲ್ಲಿ. ಕೈ ಮುರಿದ ಹುಡುಗಿ ಇರಲಿಲ್ಲ. ಸಾರಾಯಿ ಅಂಗಡಿ ಇರಲಿಲ್ಲ. ಅಮ್ಮ ಕೇಳಿದ್ದಕ್ಕೆ ಅಪ್ಪ, "ಊರಿನ ಹುಳುಕನ್ನೆಲ್ಲ ಅರ್ಜಿಯಲ್ಲಿ ಬರೀತಾರೇನೆ? ಓದಿದೋರು ಏನಂದ್ಕೋತಾರೆ?" ಎಂದರು. ಅಪ್ಪ ಒಳ್ಳೆಯ ಮನುಷ್ಯರು. ಒಳ್ಳೆಯತನ ಎಷ್ಟು ನಿಷ್ಪ್ರಯೋಜಕ ಆಗಬಹುದು ಅಂತ ನಾನು ತಿಳಿದುಕೊಂಡದ್ದು ಅವರಿಂದಲೇ.

ಇಷ್ಟಾದರೂ ಉತ್ತರ ಬಂತು. ಸಂಕ್ರಾಂತಿ ಕಳೆದ ಮೇಲೆ ಸಾಹೇಬರೊಬ್ಬರು ಸ್ಥಳ ಪರಿಶೀಲನೆಗೆ ಬರುತ್ತಾರೆ, ಮಕ್ಕಳು ನಡೆಯುವ ದಾರಿಯನ್ನು ನೋಡುತ್ತಾರೆ ಎಂದು.

ಊರಿಗೆ ಜ್ವರ ಬಂದ ಹಾಗಾಯಿತು. ಊರಿನ ಯಜಮಾನರು ಅರಳಿಕಟ್ಟೆಯಲ್ಲಿ ಎಲ್ಲರನ್ನೂ ಸೇರಿಸಿದರು. ಅವರ ಆತಂಕ ಒಂದೇ. "ಸಾಹೇಬ್ರು ಬೂಟ್ ಆಕ್ಕಂಡ್ ಬತ್ತಾರೆ. ಆ ಮುಳ್ಳು ಮುಂಡೇವು ಕಾಲಿಗ್ ತರ್ಚುದ್ರೆ ನಮ್ಮೂರ್ ಮರ್ವಾದೆ ಏನಾಗ್ಬೇಕ್ರಲಾ?" ಐದು ಮೈಲಿ ಸುತ್ತಳತೆಯಲ್ಲಿ ಯಾವ ಹುಡುಗಿಯ ಕಾಲಿಗೆ ಮುಳ್ಳು ತರಚಿದಾಗಲೂ ಆ ಮರ್ಯಾದೆ ಅಲುಗಾಡಿರಲಿಲ್ಲ.

ನಾಲ್ಕು ದಿನ ಕೆಲಸ ನಡೆಯಿತು. ವರ್ಷಾನುಗಟ್ಟಲೆ ಯಾರೂ ಮುಟ್ಟದ ಲಂಟಾನವನ್ನು ಬುಡಸಮೇತ ಕಿತ್ತರು. ಏರಿಯ ಮೇಲೆ ಕೆಮ್ಮಣ್ಣು ಹಾಕಿ ಬಡಿದರು. ದಿಮ್ಮಿಗಳ ಮೇಲೆ ಯಜಮಾನರ ಅಟ್ಟದ ಹಲಗೆಗಳನ್ನು ಹಾಸಿ, ಮೇಲೆ ಮಣ್ಣು ಹರಡಿ, ಎರಡೂ ಕಡೆ ಬಿದಿರಿನ ಕೈಹಿಡಿ ಕಟ್ಟಿದರು. ಎರಡೂ ತುದಿಗೆ ಬಾಳೆಕಂದು, ತೋರಣ. ಸಾರಾಯಿ ಅಂಗಡಿಗೆ ಬೀಗ. ಮಹನೀಯರ ಕಲ್ಲುಬೆಂಚಿಗೆ ಸುಣ್ಣ ಬಳಿದು ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಎಳೆದರು. ನಾಲೆಗೆ ನೀರು ನಿಲ್ಲಿಸಿದ ಕಾಲ ಬೇರೆ, ತಳದಲ್ಲಿ ಒಂದು ಗೇಣು ನೀರು ತಿಳಿಯಾಗಿ ನಿಂತಿತ್ತು. ನಿಜ ಹೇಳುತ್ತೇನೆ, ಅಷ್ಟು ಚೆಂದದ ದಾರಿಯನ್ನು ನಾನು ಆಮೇಲೆ ಹಾಸನದಲ್ಲೂ ನೋಡಿಲ್ಲ. ಇಷ್ಟು ಕೆಲಸವನ್ನು ನಾಲ್ಕೇ ದಿನದಲ್ಲಿ ಮಾಡಬಲ್ಲವರು ಇಷ್ಟು ವರ್ಷ ಏನು ಮಾಡುತ್ತಿದ್ದರು ಅಂತ ಕೇಳುವಷ್ಟು ಬುದ್ಧಿ ನನಗಿನ್ನೂ ಬಂದಿರಲಿಲ್ಲ.

ಶಾಲೆಯಲ್ಲೂ ತಯಾರಿ ಜೋರು. ಹೆಡ್‌ಮಾಸ್ಟರು ಚನ್ನರಾಯಪಟ್ಟಣದ ಕಡೆಯಿಂದ ವರ್ಗವಾಗಿ ಬಂದವರು, ಜೀವನದಲ್ಲಿ ಇನ್‌ಸ್ಪೆಕ್ಟರ್ ಒಬ್ಬರಿಗೇ ಹೆದರಿದವರು. ಪ್ರತಿ ವರ್ಷ ಇನ್‌ಸ್ಪೆಕ್ಷನ್‌ಗೆ ಮುಂಚೆ ನಮಗೆ ಒಂದು ಪಾಠ ಇರುತ್ತಿತ್ತು. ಸಾಹೇಬರು "ಏನಾದರೂ ತೊಂದರೆ ಇದೆಯಾ?" ಎಂದರೆ ಎದ್ದು ನಿಂತು, ಕೈ ಕಟ್ಟಿ, ಎಲ್ಲರೂ ಒಟ್ಟಿಗೆ "ಇಲ್ಲಾ ಸಾ" ಎನ್ನಬೇಕು. ಸೂರು ಸೋರುತ್ತದಾ? ಇಲ್ಲಾ ಸಾ. ಕುಡಿಯುವ ನೀರಿಗೆ ತೊಂದರೆಯಾ? ಇಲ್ಲಾ ಸಾ. ಒಂದನೇ ಕ್ಲಾಸಿನಿಂದ ಹೇಳಿ ಹೇಳಿ ಅದು ನಮಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬಂದಿತ್ತು. ಈ ಸಲವೂ ಎರಡು ದಿನ ಹೇಳಿಸಿದರು. ಬರುವವರು ಯಾವ ಇಲಾಖೆ, ಯಾತಕ್ಕೆ ಬರುತ್ತಾರೆ ಎಂಬುದು ಹೆಡ್‌ಮಾಸ್ಟರ ತಲೆಗೆ ಹೋಗಲೇ ಇಲ್ಲ. ಸಾಹೇಬರೆಂದರೆ ಸಾಹೇಬರು.

ನನ್ನ ಅಮ್ಮನ ತವರು ರುದ್ರಪಟ್ಟಣ. ಅಲ್ಲಿಯ ಅಜ್ಜಿ ನಾಲ್ಕನೇ ವಯಸ್ಸಿಗೇ ಸಂಗೀತದ ಸರಳೆ ಹೇಳಿಕೊಟ್ಟಿದ್ದರಿಂದ ನನ್ನದು ಬಿಚ್ಚು ಗಂಟಲು. ಶಾಲೆಯಲ್ಲಿ ಪ್ರಾರ್ಥನೆ ಶುರುಮಾಡುವವಳು ನಾನು, ಕ್ಲಾಸ್ ಲೀಡರ್ ನಾನು. ಹಾಗಾಗಿ ಅವತ್ತು ನಾಲೆ ಏರಿಯ ಮೇಲೆ ಚೆಂಡುಹೂವಿನ ತಟ್ಟೆ ಹಿಡಿದ ಮಕ್ಕಳ ಸಾಲಿನಲ್ಲಿ ಮೊದಲು ನಿಂತವಳೂ ನಾನೇ. ಗೆಳತಿ ನನ್ನ ಪಕ್ಕದಲ್ಲಿದ್ದಳು. ಎರಡು ಜಡೆಗೂ ಹೊಸ ಟೇಪು ಕಟ್ಟಿಕೊಂಡಿದ್ದಳು.

ಸಾಹೇಬರು ಮೆತ್ತಗಿನ ಮನುಷ್ಯ. ತೋರಣದ ಕೆಳಗೆ ಬಗ್ಗಿ, ಹಲಗೆಯ ಮೇಲೆ ಸಲೀಸಾಗಿ ನಡೆದು, ಆಚೆ ಹೋಗಿ, ಈಚೆ ಬಂದರು. ಯಜಮಾನರು ಪಕ್ಕದಲ್ಲಿ, "ಏನೂ ತೊಂದ್ರೆ ಇಲ್ಲ ಬನ್ನಿ ಸಾ, ಆರಾಮಾಗ್ ಬನ್ನಿ ಸಾ" ಎನ್ನುತ್ತಲೇ ಇದ್ದರು. ಸಾಹೇಬರ ಮುಖದಲ್ಲಿ ಗೊಂದಲ ಇತ್ತು. ಪಾಪ, ಅಪಾಯವನ್ನು ಹುಡುಕುತ್ತಿದ್ದರು. ಕೊನೆಗೆ ನಮ್ಮ ಮುಂದೆ ನಿಂತು ಕೇಳಿದರು.

"ಮುಂದಿನ ವರ್ಷ ನೀವೆಲ್ಲ ಹೈಸ್ಕೂಲಿಗೆ ಈ ದಾರೀಲಿ ಹೋಗಬೇಕಲ್ವಾ? ಭಯ ಆಗುತ್ತಾ?"

"ಇಲ್ಲಾ ಸಾ!"

ಇಡೀ ಸಾಲು ಕೂಗಿತು. ಎಲ್ಲರಿಗಿಂತ ಜೋರಾಗಿ, ಶ್ರುತಿ ಸೇರಿಸಿದ ಹಾಗೆ, ನಾನು ಕೂಗಿದೆ. ಹೆಡ್‌ಮಾಸ್ಟರು ನನ್ನ ಕಡೆ ನೋಡಿ ತಲೆದೂಗಿದರು. ನನಗೆ ಹೆಮ್ಮೆಯಾಯಿತು. ಇವತ್ತು ಅದನ್ನು ನೆನೆದರೆ ಅಸಹ್ಯವಾಗುತ್ತದೆ, ಆದರೆ ಅವತ್ತು ಆದದ್ದು ಹೆಮ್ಮೆಯೇ. ಗೆಳತಿ ಬಾಯಿ ತೆರೆದಳೋ ಇಲ್ಲವೋ ನಾನು ನೋಡಲಿಲ್ಲ.

ಊಟವಾಯಿತು, ಶಾಲು ಹೊದಿಸಿದರು, ಜೀಪು ಹೋಯಿತು. ಸಂಜೆಯೊಳಗೆ ಸಾರಾಯಿ ಅಂಗಡಿ ತೆರೆಯಿತು. ಮಾರನೆಯ ದಿನ ಯಜಮಾನರ ಹಲಗೆಗಳು ಅಟ್ಟಕ್ಕೆ ವಾಪಸಾದವು, ಬಾಳೆಕಂದನ್ನು ದನ ತಿಂದವು, ದಿಮ್ಮಿಗಳು ಮೊದಲಿದ್ದ ಹಾಗೆ ಉಳಿದವು.

ಪರೀಕ್ಷೆ ಹೊತ್ತಿಗೆ ಪತ್ರ ಬಂತು. ಅಪ್ಪ ಜಗಲಿಯಲ್ಲಿ ಗಟ್ಟಿಯಾಗಿ ಓದಿದರು. ಕಾಲುದಾರಿಯು ಸುಸ್ಥಿತಿಯಲ್ಲಿರುವುದಾಗಿಯೂ, ವಿದ್ಯಾರ್ಥಿಗಳೇ ಖುದ್ದಾಗಿ ಯಾವುದೇ ಭಯವಿಲ್ಲವೆಂದು ತಿಳಿಸಿರುವುದಾಗಿಯೂ, ಆದಕಾರಣ ಬಸ್ಸಿನ ಅಗತ್ಯ ಕಂಡುಬರುವುದಿಲ್ಲವೆಂದೂ ಅದರಲ್ಲಿತ್ತು. ಕೊನೆಯಲ್ಲಿ ಗ್ರಾಮಸ್ಥರು ದಾರಿಯನ್ನು ಇಟ್ಟುಕೊಂಡಿರುವ ರೀತಿ ಶ್ಲಾಘನೀಯ ಎಂದು ಒಂದು ಸಾಲು. ಆ ಒಂದು ಸಾಲಿಗೆ ನಮ್ಮ ಗಂಡಸರು ಕರಗಿಹೋದರು. ಬಸ್ಸು ಬರಲಿಲ್ಲ ಎಂಬುದು ಯಾರಿಗೂ ಅಷ್ಟಾಗಿ ತಟ್ಟಲಿಲ್ಲ. ಶ್ಲಾಘನೀಯ ಎಂದರೆ ಏನು ಎಂದು ಅಪ್ಪನನ್ನು ಕೇಳಿ ಕೇಳಿ ಹೇಳಿಸಿಕೊಂಡರು. ಪತ್ರವನ್ನು ಯಜಮಾನರು ತಮ್ಮ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು. ಗೆಳತಿಯ ಅಪ್ಪ ಮಾತ್ರ ಎದ್ದು ಮನೆಗೆ ಹೋದರು.

ಜೂನ್‌ನಲ್ಲಿ ನನ್ನನ್ನು ಹೊಳೆನರಸೀಪುರದ ಚಿಕ್ಕಮ್ಮನ ಮನೆಗೆ ಕಳಿಸಿದರು. ಅಲ್ಲಿ ಮನೆಯಿಂದ ಹೈಸ್ಕೂಲಿಗೆ ಎರಡು ಬೀದಿ. ನಮ್ಮಂಥವರಿಗೆ ಯಾವ ಊರಿನಲ್ಲಾದರೂ ಒಬ್ಬ ಚಿಕ್ಕಮ್ಮ, ಒಬ್ಬ ಸೋದರತ್ತೆ ಇದ್ದೇ ಇರುತ್ತಾರೆ. ಅದಕ್ಕೇ ಅಪ್ಪನಿಗೆ ಅರ್ಜಿಯಲ್ಲಿ ದಿವಾನರ ಎಳನೀರಿನ ಬಗ್ಗೆ ಬರೆಯುವಷ್ಟು ಪುರುಸೊತ್ತು ಇತ್ತು. ಗೆಳತಿಗೆ ಪೇಟೆಯಲ್ಲಿ ಯಾರೂ ಇರಲಿಲ್ಲ. ದಸರಾ ರಜೆಗೆ ಬಂದಾಗ ಅವಳು ಸೊಪ್ಪು ಬೇಯಿಸುವ ಮನೆಯ, ಅಂದರೆ ಬ್ಯಾರನ್ನಿನ, ಮುಂದೆ ಕೂತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ನನ್ನನ್ನು ಕಂಡವಳೇ ಸೊಪ್ಪಿನ ಅಂಟಿಗೆ ಕಪ್ಪಾದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನಾನು ಹೊಸ ಶಾಲೆಯ ಬಗ್ಗೆ ಏನೇನೋ ಹರಟಿದೆ. ಹದಿನಾರಕ್ಕೆ ಅವಳನ್ನು ಅದೇ ಊರಿನಲ್ಲಿದ್ದ ಸೋದರಮಾವನಿಗೆ ಕೊಟ್ಟರು. ಮದುವೆಗೆ ನಾನು ಹೋಗಲಿಲ್ಲ, ಪರೀಕ್ಷೆ ಇತ್ತು.

ಆಮೇಲೆ ಬಸ್ಸು ಕೇಳಿದವರಿಗೆಲ್ಲ ಹಳೆಯ ಕಡತವನ್ನೇ ತೋರಿಸುತ್ತಿದ್ದರಂತೆ, ನಿಮ್ಮೂರ ಮಕ್ಕಳೇ ಭಯವಿಲ್ಲ ಎಂದಿದ್ದಾರಲ್ಲ ಎಂದು. ಎರಡು ಸಾವಿರ ಇಸವಿ ದಾಟಿತು. ಸರ್ಕಾರ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಟ್ಟಿತು. ನಮ್ಮೂರಿನ ಮಕ್ಕಳು ದಿಮ್ಮಿ ಬಂದ ಕೂಡಲೇ ಆ ಸೈಕಲ್ಲನ್ನು ಹೆಗಲ ಮೇಲೆ ಹೊರುತ್ತಿದ್ದರು. ನಾನು ಹಾಸನದಲ್ಲಿ ಕೆಲಸದಲ್ಲಿದ್ದೆ, ಇದನ್ನು ಸಹೋದ್ಯೋಗಿಗಳಿಗೆ ತಮಾಷೆಯಾಗಿ ಹೇಳುತ್ತಿದ್ದೆ. ಊರನ್ನು ಹೀಗಳೆದು ನಗಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಮಾಡಲಿಲ್ಲ.

ಒಂದು ವರ್ಷ ಗೌರಿ ಹಬ್ಬಕ್ಕೆ ಹೊರಟಾಗ ಹೋಬಳಿ ಊರಿನಲ್ಲಿ ನಿಂತಿದ್ದ ಬಸ್ಸಿನ ಬೋರ್ಡಿನಲ್ಲಿ ನಮ್ಮೂರ ಹೆಸರು ಇತ್ತು. ನಂಬಲಾಗದೆ ಕಂಡಕ್ಟರನ್ನು ಎರಡು ಸಲ ಕೇಳಿ ಹತ್ತಿದೆ. ಜಲ್ಲಿ ರಸ್ತೆಯಲ್ಲಿ ಕುಲುಕುತ್ತಾ ಶಾಲೆ ಬಿಟ್ಟ ಮಕ್ಕಳ ಜೊತೆ ಊರಿನೊಳಕ್ಕೇ ಬಂದಿಳಿದೆ. ಅರಳಿಕಟ್ಟೆಯ ಹತ್ತಿರ ಗೆಳತಿ ಮಗಳಿಗಾಗಿ ಕಾಯುತ್ತಿದ್ದಳು. ಮಗಳು ಎಂಟನೇ ಕ್ಲಾಸು. ಬಸ್ಸು ಹೇಗೆ ಬಂತೇ ಎಂದೆ.

"ನಾನೇ ಬರ್ದೆ ಕಣಮ್ಮಿ, ಒಂದೇ ಆಳೆ. ಯಾರ್ ಕೈ ಮುರ್ಕಂಡ್ರು, ಯಾವ್ ಮುಂಡೇವು ಏನಂದ್ವು, ಎಲ್ಲಾನೂವೆ. ಸಾಹೇಬ್ರು ಬತ್ತಾರೆ ಅಂತಿದ್ದಂಗೆ ಯಜಮಾನ್ರ ಮಗ ಬಾಳೆಕಂದು ಒತ್ಕಂಡ್ ಬಂದ್ಬುಟ್ಟ. ಅಪ್ಪನ್ನಂಗೇ ಮಗ. ನಾನು ಕುಡ್ಲು ಇಡ್ಕಂಡು ದಿಮ್ಮಿ ಮುಂದೆ ನಿಂತ್ಕಂಡೆ. ಒಂದ್ ಅಲಗೆ ಇಟ್ ನೋಡು, ನಿನ್ನ ನಾಲೆಗ್ ತಳ್ತೀನಿ ಅಂದೆ. ಶ್ರಾವಣದ್ ನೀರು, ದಿಮ್ಮಿ ಮಟ್ಟ ಅರೀತಿತ್ತು. ಸಾಹೇಬ್ರು ಬಂದ್ರು. ಮಗಳ್ ಬ್ಯಾಗ್ ಕೊಟ್ಟೆ. ಇದ ಎಗಲಿಗಾಕ್ಕಂಡ್ ನಡೀರಿ ಸಾ, ಮಕ್ಳು ಬರಿಗೈಲಿ ಓಗಾಕಿಲ್ಲ ಅಂದೆ. ಅರ್ಧಕ್ ಓದೋರು ಅಲ್ಲೇ ಕುಂತ್ಕಬುಟ್ರು!"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಯಜಮಾನರು, ಅವರ ಮಗ, ಹೆಡ್‌ಮಾಸ್ಟರು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಆಡಿಕೊಂಡೆ. ನಮ್ಮಪ್ಪನನ್ನೂ ಬಿಡಲಿಲ್ಲ. ಗೆಳತಿ ಮಗಳ ಭುಜ ಹಿಡಿದು ನನ್ನ ಮುಂದೆ ನಿಲ್ಲಿಸಿದಳು.

"ಈಚೆಗ್ ಬಂದ್ಮೇಲೆ ಸಾಹೇಬ್ರು ಕೇಳುದ್ರಲ್ಲ, ಏನಂದೆ ಏಳು ಅತ್ತೆಗೆ."

ಹುಡುಗಿ ನಾಚಿಕೊಂಡು, ನೆಲ ನೋಡುತ್ತಾ, ಸಣ್ಣಗೆ ಹೇಳಿದಳು. "ಭಯ ಆಯ್ತದೆ ಸಾ, ಅಂದೆ."

ಗೆಳತಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟೇನೂ ಇರಲಿಲ್ಲ.

"ನಿನ್ನಂಗೆ ಗಂಟ್ಲಿಲ್ಲ ಕಣಮ್ಮಿ ಇವ್ಳಿಗೆ. ಆದ್ರೂವೆ ಸಾಹೇಬ್ರಿಗೆ ಕೇಳುಸ್ತು."