ಮೂರು ಕೀಲಿಗಳ ಮೇಲೆ ಹಲಸಿನ ಮೇಣ

ಮೊನ್ನೆ ಚಹಾ ಚೆಲ್ಲಿ ನನ್ನ ಕೀಬೋರ್ಡ್ ಕೈಕೊಟ್ಟಿತು. ಹಳೆಯದೊಂದು ಅಟ್ಟದ ಮೇಲಿದೆಯೆಂದು ನೆನಪಾಗಿ ರಟ್ಟಿನ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಮುಚ್ಚಳ ತೆಗೆದದ್ದೇ ಒಣಗಿದ ಹಲಸಿನ ಮೇಣದ ವಾಸನೆ... ಸಿಹಿಗೆ ಸ್ವಲ್ಪ ಕಮಟು ಸೇರಿದ ಹಾಗೆ. ಕೀಬೋರ್ಡಿನ ಎಡಮೂಲೆಯ ಎರಡು ಕೀಲಿಗಳ ಮೇಲೆ, ಮತ್ತೆ ಎಸ್ ಅಕ್ಷರದ ಮೇಲೆ, ಕಂದು ಬಣ್ಣದ ಮೂರು ಬೊಟ್ಟುಗಳು ಇನ್ನೂ ಗಟ್ಟಿಯಾಗಿ ಕೂತಿದ್ದವು. ಆ ಬೆಳಿಗ್ಗೆ ಒಂದು ಇ-ಮೇಲ್ ಓದಿ ನನ್ನ ತಲೆ ಮೊದಲೇ ಬಿಸಿಯಾಗಿತ್ತು. ಬೊಟ್ಟುಗಳ ಮೇಲೆ ಬೆರಳಾಡಿಸುತ್ತಾ ಅಲ್ಲೇ ಏಣಿಯ ಬುಡದಲ್ಲಿ ಕೂತುಬಿಟ್ಟೆ.

ಆ ಬೊಟ್ಟುಗಳನ್ನು ಇಟ್ಟವರು ಟೆಲಿಫೋನ್ ಮಾಮ. ನಾವು ಶಕ್ತಿನಗರಕ್ಕೆ ಬರುವ ಮೊದಲು ಉರ್ವದಲ್ಲಿದ್ದಾಗ ಪಕ್ಕದ ಮನೆಯವರು. ದೇವಸ್ಥಾನದ ಪೂಜೆಯ ಮನೆತನ. ಹುಟ್ಟಿನಿಂದಲೇ ಕಣ್ಣು ಕಾಣದ್ದರಿಂದ ಪೂಜೆ ತಮ್ಮನ ಪಾಲಿಗೆ ಹೋಯಿತು, ಇವರು ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆದರು. ಇಡೀ ಬ್ಯಾಂಕಿನ ಎಕ್ಸ್‌ಟೆನ್ಷನ್ ನಂಬರುಗಳು ಅವರ ಬಾಯಲ್ಲಿದ್ದವು. ಅವರ ಮನೆಮಾತು ತುಳು, ನಮ್ಮದು ಕೊಂಕಣಿ. ನಮ್ಮಿಬ್ಬರ ಜಗಳಕ್ಕೆ ಕನ್ನಡವೇ ಗತಿಯಾಗಿತ್ತು. ಜಗಳವೇನೂ ಕಡಿಮೆ ಇರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಕಂಪ್ಯೂಟರ್ ಕಲಿತರು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ. ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಬಾಯಿ ಬಿಡುತ್ತದೆ. ತಪ್ಪದೆ ಸಿಗಲೆಂದು ಆ ಮೂರು ಕೀಲಿಗಳ ಮೇಲೆ ಮೇಣ ಮೆತ್ತಿಕೊಂಡಿದ್ದರು. ಅಂಗಡಿಯಲ್ಲಿ ಅಂಟುವ ಚುಕ್ಕಿ ಸಿಗುತ್ತದೆ ಮಾಮ, ತಂದುಕೊಡುತ್ತೇನೆ ಎಂದರೆ ಕೇಳಬೇಕಲ್ಲ! ಅಲ್ಲಿಯವರೆಗೆ ಅವರಿಗೆ ಪೇಪರ್ ಓದಿ ಹೇಳುತ್ತಿದ್ದವರು ತಮ್ಮನ ಹೆಂಡತಿ, ಅದೂ ಅಡುಗೆ, ಪಾತ್ರೆ, ಬಟ್ಟೆಯೆಲ್ಲ ಮುಗಿದ ಮೇಲೆ.

"ಅರುವತ್ತು ವರ್ಷ ಬೇರೆಯವರ ಪುರುಸೊತ್ತಿನಲ್ಲಿ ಪೇಪರ್ ಕೇಳಿದ್ದು ಮಾರಾಯ್ತಿ," ಎಂದಿದ್ದರು ಒಮ್ಮೆ. "ಈಗ ನಾನೇ ಮೊದಲು ಓದಿ ಅವಳಿಗೆ ಹೇಳ್ತೇನೆ."

ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಜಂಬ... ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಬಿಡುವಿನಲ್ಲಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್ ಒಂದಕ್ಕೆ ದುಡಿಯುವ ಸ್ವಯಂಸೇವಕರ ಗುಂಪಿನಲ್ಲಿದ್ದೆ. ಮಾಮನ ಯಂತ್ರಕ್ಕೆ ಅದನ್ನು ಹಾಕಿಕೊಟ್ಟವಳೂ ನಾನೇ. ಗುಂಪಿನ ಚರ್ಚೆಯೆಲ್ಲ ಮೇಲಿಂಗ್ ಲಿಸ್ಟಿನಲ್ಲಿ, ಒಬ್ಬರು ಬರೆದ ಇ-ಮೇಲ್ ಎಲ್ಲರಿಗೂ ಹೋಗುವ ಹಾಗೆ ನಡೆಯುತ್ತಿತ್ತು. ಮಾಮ ಅದಕ್ಕೂ ಸೇರಿಕೊಂಡರು. ಬರೆಯುತ್ತಿದ್ದದ್ದು ಅಪರೂಪ, ಆದರೆ ಬಂದ ಒಂದೊಂದು ಪತ್ರವನ್ನೂ ಯಂತ್ರದಿಂದ ಓದಿಸಿ ಕೇಳುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತೆ.

ಆ ವರ್ಷ ಗುಂಪಿನಲ್ಲಿ ದೊಡ್ಡ ಜಟಾಪಟಿ ಎದ್ದಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆಯ ವ್ಯವಸ್ಥೆಯನ್ನು ಬದಿಗಿಟ್ಟು ಹೊಸದನ್ನು ಡಿಫಾಲ್ಟ್ ಮಾಡಬೇಕೇ ಬೇಡವೇ ಎಂದು. ಡಿಫಾಲ್ಟ್ ಎಂದರೆ, ನೀವು ಏನನ್ನೂ ಆರಿಸದಿದ್ದಾಗ ತಾನಾಗಿ ಬಂದು ಕೂರುವಂಥದ್ದು. ಹೊರಗಿನವರಿಗೆ ಇದು ಜಗಳಾಡುವ ವಿಷಯವೇ ಎನಿಸಬಹುದು. ನಮ್ಮಲ್ಲಿ ಮಾತು ಬಿಟ್ಟವರಿದ್ದಾರೆ. ಹೊಸದು ವೇಗ, ಚಂದ, ಸುರಕ್ಷಿತ. ನಾನು ಹೊಸದರ ಕಡೆ, ಕಣ್ಣುಮುಚ್ಚಿ. ಅದರ ಪರೀಕ್ಷಾ ಆವೃತ್ತಿಯನ್ನು ಮಾಮನ ಯಂತ್ರಕ್ಕೂ ಉತ್ಸಾಹದಿಂದ ಹಾಕಿದೆ.

ಮರುದಿನ ಅವರು ಯಂತ್ರ ತೆರೆದು, ಪಾಸ್‌ವರ್ಡ್ ಕೇಳುವ ಮೊದಲ ಪರದೆಯಲ್ಲಿ ಮೂರು ಕೀಲಿ ಒತ್ತಿದರು. ಯಂತ್ರ ಮಾತಾಡಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಆ ಪರದೆಗೆ ದನಿಯ ಸಂಪರ್ಕವನ್ನೇ ಯಾರೂ ಕೊಟ್ಟಿರಲಿಲ್ಲ. ಮೂಲೆಯ ಪಟ್ಟಿಯಲ್ಲಿ ಹಳೆಯದನ್ನು ಆರಿಸಿಕೊಂಡರೆ ಸರಿಯಾಗುತ್ತಿತ್ತು, ಆದರೆ ಆ ಪಟ್ಟಿಯನ್ನು ಓದಿ ಹೇಳುವವರು ಯಾರು? ನಾನು ಹೋಗಿ ಬದಲಾಯಿಸಿಕೊಟ್ಟೆ. ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ಹೊಸದೇ ಬಂದು ಕೂರುತ್ತಿತ್ತು, ಮತ್ತೆ ನಾನು ಹೋಗುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆಂಬ ಖುಷಿ ಬೇರೆ.

ಲಿಸ್ಟಿನಲ್ಲಿ ಯಾರೋ, ಕಣ್ಣು ಕಾಣದವರ ಗತಿಯೇನು ಎಂದು ಕೇಳಿದರು. ನಾನು ಉತ್ತರ ಬರೆದೆ: "ಅಂಥವರು ಕಣ್ಣು ಕಾಣುವ ಯಾರನ್ನಾದರೂ ಕರೆದು ಬದಲಾಯಿಸಿಕೊಂಡರಾಯಿತು. ಎರಡು ನಿಮಿಷದ ಕೆಲಸ. ನನ್ನ ನೆರೆಮನೆಯಲ್ಲಿ ಒಬ್ಬರಿದ್ದಾರೆ, ನಾನೇ ಮಾಡಿಕೊಡುತ್ತೇನೆ."

ಎರಡು ದಿನ ಬಿಟ್ಟು ಅದರ ಕೆಳಗೆ ಒಂದು ಉತ್ತರ ಬಂತು. ಬ್ಯಾಂಕಿನ ಪತ್ರಗಳ ಇಂಗ್ಲಿಷಿನಲ್ಲಿ, ಅಧ್ಯಕ್ಷರ ಗಮನಕ್ಕೆ ತರಬಯಸುವುದೇನೆಂದರೆ ಎಂಬ ಧಾಟಿಯಲ್ಲಿ. "ಆ ನೆರೆಮನೆಯವನು ನಾನೇ. ಆಕೆ ಒಳ್ಳೆಯ ಹುಡುಗಿ, ಕರೆದರೆ ಬರುತ್ತಾಳೆ. ಹೋದ ವಾರ ಕುಂದಾಪುರಕ್ಕೆ ಮದುವೆಗೆ ಹೋಗಿದ್ದಳು. ಆ ಎರಡು ನಿಮಿಷದ ಕೆಲಸಕ್ಕೆ ನಾನು ಮೂರು ದಿನ ಕಾದೆ."

ಸ್ಟಾಫ್ ರೂಮಿನಲ್ಲಿ ಕೂತು ಅದನ್ನು ಓದಿದೆ. ಮೊದಲು ಬಂದದ್ದು ಸಿಟ್ಟು. ಜಗತ್ತಿನ ಎದುರು ಮಾನ ತೆಗೆದರಲ್ಲ! ಸಂಜೆ ಬಸ್ಸಿಳಿದು ನೇರ ಅವರ ಮನೆಗೇ ಹೋದೆ. ಜಗಲಿಯಲ್ಲಿ ತಮ್ಮನ ಹೆಂಡತಿ ಹಲಸಿನ ಹಣ್ಣು ಬಿಡಿಸುತ್ತಿದ್ದರು. ಮಾಮ ಪಕ್ಕದಲ್ಲಿ ಕೂತು ಮೇಣವನ್ನು ಬೆರಳುಗಳ ನಡುವೆ ಉಂಡೆ ಮಾಡುತ್ತಿದ್ದರು.

"ಎಂತ ಮಾಮ ಇದು? ನನ್ನ ಹತ್ತಿರ ಹೇಳಿದ್ರೆ ಸಾಕಿತ್ತಲ್ಲ? ಊರಿಗೆಲ್ಲ ಯಾಕೆ ಹೇಳಿದ್ದು?"

"ನೀನು ಊರಿಗೆಲ್ಲ ಬರೆದೆ, ನಾನೂ ಊರಿಗೆಲ್ಲ ಬರೆದೆ. ಕೂತ್ಕೋ ಮಾರಾಯ್ತಿ, ಹಣ್ಣುಂಟು." ಮೇಣದ ಉಂಡೆ ತಿರುಗಿಸುತ್ತಾ ಕೇಳಿದರು, "ಬಸ್ಸಲ್ಲಿ ಬಂದದ್ದಲ್ವಾ? ಕಂಡಕ್ಟರ್ ಎಂತ ಕೂಗಿದ?"

"ಕೂಗುದೆಂತ, ಸ್ಟಾಪಿನ ಹೆಸರು. ಲಾಲ್‌ಬಾಗ್, ಲೇಡಿಹಿಲ್, ಉರ್ವ."

"ನಿನಗೆ ಕಣ್ಣು ಕಾಣ್ತದೆ. ಮತ್ತೆ ಯಾಕೆ ಕೂಗಿದ?"

ತಮ್ಮನ ಹೆಂಡತಿ ನನ್ನ ಕೈಗೆ ಒಂದು ತೊಳೆ ಇಟ್ಟರು.

"ಅವನು ಎಲ್ಲರಿಗೂ ಕೂಗ್ತಾನೆ. ಕಣ್ಣಿಲ್ಲದವ ಹತ್ತಿದ್ದಾನಾ ಅಂತ ನೋಡಿ ಕೂಗುದಲ್ಲ. ಹಾಗಾಗಿ ಬ್ಯಾಂಕಿಗೆ ಹೋಗುವಷ್ಟು ವರ್ಷ ನಾನು ಯಾರ ಹತ್ತಿರವೂ ಕೇಳದೆ ಇಳಿದಿದ್ದೇನೆ. ನಿಮ್ಮ ಡಿಫಾಲ್ಟ್ ಅಂದ್ರೆ ಅದೇ ಅಲ್ವಾ? ಮೂರು ಕೀಲಿ ಒತ್ತಿದ್ರೆ ಮಿಷನ್ ಬಾಯಿ ಬಿಡಬೇಕು. ಅದಕ್ಕಿಂತ ಮೊದಲು ನಿನ್ನನ್ನು ಕರೆಯುವ ಹಾಗೆ ಇರಬಾರದು."

ಹಣ್ಣಿನ ತೊಳೆ ಕೈಯಲ್ಲಿ ಹಾಗೇ ಉಳಿಯಿತು. ನನಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಮತ್ತೆ ಬೇರೆಯವರ ಪುರುಸೊತ್ತಿಗೆ ಕಾಯುವ ಹಾಗೆ ಅವರನ್ನು ಮಾಡಿದವಳು ನಾನು.

ಮರುದಿನ ಲಿಸ್ಟಿಗೆ ಬರೆದೆ, ಹೊಸದು ಬರಲಿ, ಆದರೆ ಮೊದಲ ಪರದೆ ಮಾತಾಡದೆ ಬಿಡುಗಡೆ ಮಾಡುವುದು ಬೇಡ ಎಂದು. ಒಂದಿಬ್ಬರು ಹೌದೆಂದರು. ಬಹಳ ಜನ ಸಿಟ್ಟಾದರು; ಕೆಲವರಿಗಾಗಿ ಎಲ್ಲರೂ ಕಾಯಬೇಕೇ ಎಂದು ಕೇಳಿದರು. ಹಾಗಾದರೆ ಕೆಲವರೇ ಯಾವಾಗಲೂ ಕಾಯಬೇಕೇ ಎಂದು ನಾನೂ ಕೇಳಿದೆ. ಜಗ್ಗಾಡಿ ಜಗ್ಗಾಡಿ ಕೊನೆಗೆ ಷರತ್ತು ಒಪ್ಪಿಗೆಯಾಯಿತು. ಕೆಲಸ ಮಾತ್ರ ನನ್ನ ತಲೆಗೆ ಬಂತು, ಬೇಕೆಂದವಳು ನಾನಲ್ಲವೇ. ತಿಂಗಳುಗಟ್ಟಲೆ ಹಿಡಿಯಿತು. ನಾನು ತಿದ್ದಿ ಕೊಡುತ್ತಿದ್ದೆ. ಬೆಳಿಗ್ಗೆ ಅವರ ತಮ್ಮ ಪೂಜೆಗೆ ಹೊರಟ ಮೇಲೆ ಮಾಮ ಯಂತ್ರ ತೆರೆದು ಮೂರು ಕೀಲಿ ಒತ್ತುತ್ತಿದ್ದರು. ಆಮೇಲೆ ಕಂಪೌಂಡಿನಾಚೆಯಿಂದ ಕೂಗು, "ಇಲ್ಲ ಮಾರಾಯ್ತಿ, ಮೂಕ!" ದಿನಾ ಅದೇ ಕೂಗು. ನನಗೆ ಬೇಸರ ಬಂದದ್ದುಂಟು, ಅವರಿಗೆ ಒಮ್ಮೆಯೂ ಬರಲಿಲ್ಲ.

ಒಂದು ಬೆಳಿಗ್ಗೆ ಮಾಮ ಕೂಗಲಿಲ್ಲ. ನಾನು ದೋಸೆ ಹೊಯ್ಯುತ್ತಾ ಕಿವಿ ಆ ಕಡೆಗೇ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಯಂತ್ರದ ದನಿಯೇ ಕೇಳಿತು, ಪಾಸ್‌ವರ್ಡ್, ಪಾಸ್‌ವರ್ಡ್ ಎಂದು. ಬೀದಿಗೆಲ್ಲ ಕೇಳಲಿ ಎಂದು ಪೂರ್ತಿ ಜೋರಾಗಿ ಇಟ್ಟಿದ್ದರು. ಓಡಿಹೋಗಿ ನೋಡಿದರೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಬ್ಯಾಂಕಿನ ಟೆಲಿಫೋನ್ ಬೋರ್ಡಿನ ಮುಂದೆ ಕೂತ ಹಾಗೆ ಕೂತಿದ್ದರು. ನನ್ನ ದೋಸೆ ಕರಟಿ ಹೋಯಿತು.

ಆಮೇಲೆ ಕೆಲವು ವರ್ಷ ಅವರು ಯಾವ ಅಪ್‌ಡೇಟಿಗೂ ನನ್ನನ್ನು ಕರೆಯಲಿಲ್ಲ. ಹರಟೆಗೆ ಕರೆದರು, ಹಲಸಿನ ಹಣ್ಣಿಗೆ ಕರೆದರು... ಒಂದು ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹದಿಮೂರನೆಯ ದಿನದ ಊಟ ಮುಗಿಸಿ ಹೊರಟಾಗ ತಮ್ಮನ ಹೆಂಡತಿ ಈ ಕೀಬೋರ್ಡನ್ನು ನನ್ನ ಕೈಗಿತ್ತರು. "ನೀನೇ ಇಟ್ಕೋ. ಇನ್ನು ನನಗೆ ಪೇಪರ್ ಓದಿ ಹೇಳ್ಲಿಕ್ಕೆ ಯಾರೂ ಇಲ್ಲ," ಎಂದರು. ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟೆ. ಲಿಸ್ಟಿನ ಜಗಳಗಳಿಂದಲೂ ಮೆಲ್ಲಗೆ ದೂರವಾದೆ.

ಮೊನ್ನೆ ಬೆಳಿಗ್ಗೆ ಬಂದ ಇ-ಮೇಲ್ ಆ ಲಿಸ್ಟಿನದೇ. ಹೊಸಬರೊಬ್ಬರು ಬರೆದಿದ್ದರು, ಮುಂದಿನ ಆವೃತ್ತಿಯ ಗಾತ್ರ ಇಳಿಸಬೇಕು, ಓದಿ ಹೇಳುವ ತಂತ್ರಾಂಶವನ್ನು ಡಿಫಾಲ್ಟ್‌ನಿಂದ ತೆಗೆಯೋಣ, ಬೇಕಾದವರು ಯಾರಿಂದಲಾದರೂ ಹಾಕಿಸಿಕೊಳ್ಳಲಿ, ಎರಡು ನಿಮಿಷದ ಕೆಲಸ. ಕೆಟ್ಟ ಮನುಷ್ಯರಲ್ಲ. ಸಾಕ್ಷಿಗೆ ಹಳೆಯ ಪತ್ರವೊಂದರ ಮಾತನ್ನೂ ಎತ್ತಿ ಹಾಕಿದ್ದರು. ಅದು ನನ್ನದೇ ಮಾತು.

ಏಣಿಯ ಬುಡದಿಂದ ಎದ್ದು ಕೀಬೋರ್ಡನ್ನು ಒರೆಸಿ ಸಿಕ್ಕಿಸಿದೆ. ಕಣ್ಣುಮುಚ್ಚಿ ಮೇಣದ ಬೊಟ್ಟುಗಳನ್ನು ಹುಡುಕಿ ಮೂರನ್ನೂ ಒತ್ತಿದೆ. ಯಂತ್ರ ಮಾತಾಡಿತು. ಅದು ಮಾತಾಡುತ್ತಿರುವಾಗಲೇ ಬರೆಯಲು ಕೂತೆ. ಬಸ್ಸನ್ನು ಬರೆದೆ, ಕಂಡಕ್ಟರನನ್ನು ಬರೆದೆ, ಮೂರು ದಿನ ಕಾದದ್ದನ್ನು ಬರೆದೆ. ಇದನ್ನು ತೆಗೆಯಲು ನಾನು ಬಿಡುವುದಿಲ್ಲ, ಅದರ ಕೆಲಸವನ್ನು ಇನ್ನು ಮುಂದೆ ನಾನೇ ನೋಡಿಕೊಳ್ಳುತ್ತೇನೆ ಎಂದೂ ಬರೆದೆ. ಪತ್ರದ ಮೊದಲ ಸಾಲನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದೆ. ಆ ಸಲ ನನ್ನ ಮಾತಿಗೆ ಉತ್ತರ ಕೊಡಲು ಮಾಮ ಇದ್ದರು. ಈ ಸಲ ಇಲ್ಲ. ಹಾಗಾಗಿ ಅವರ ಜಾಗದಲ್ಲಿ ನಾನು ಬರೆದೆ: "ಆ ನೆರೆಮನೆಯವಳು ನಾನೇ. ನಾನು ಹೇಳಿದ್ದು ತಪ್ಪಾಗಿತ್ತು."