ಅಪ್ಪನ ಬಸ್ಸಿನ ಬಣ್ಣ
ಪಾದ್ರಿಗಳ ಬಿಳಿ ನಿಲುವಂಗಿಯ ತೋಳಿನಲ್ಲಿ ಬಣ್ಣದ ಕಲೆಯೊಂದು ಇದ್ದೇ ಇರುತ್ತಿತ್ತು. ಅದನ್ನು ನೋಡಿಯೇ ಜನ ಈ ವಾರ ಅವರ ಕೈಯಲ್ಲಿ ತಯಾರಾಗುತ್ತಿರುವ ಆಟಿಕೆ ಲಾರಿಯೋ ಟ್ರ್ಯಾಕ್ಟರೋ ಎಂದು ಊಹಿಸುತ್ತಿದ್ದರು. ಅಂಗಿಯ ಗುಂಡಿ ಕಂಡರೆ ಅವರಿಗೆ ಅದು ಚಕ್ರ, ಕಡ್ಡಿಪೆಟ್ಟಿಗೆ ಕಂಡರೆ ಲಾರಿಯ ಮೈ. "ಮದುವೆ ಮಾಡಿಸೋವಾಗ್ಲೂ ಇವನ ಕಣ್ಣು ಮದುಮಗನ ಕೋಟಿನ ಗುಂಡಿ ಮೇಲೇನೇ" ಎಂದು ಜೊತೆಗೇ ವಾಸವಿದ್ದ ಅವರ ಅಕ್ಕ ಹಂಗಿಸುತ್ತಿದ್ದರು. ಕಪಾಟಿನ ತುಂಬ ನಿಂತ ಪುಟ್ಟ ಗಾಡಿಗಳಲ್ಲಿ ಒಂದು ಬಸ್ಸು ಮಾತ್ರ ಎಂದೂ ಮುಗಿಯಲಿಲ್ಲ. ಅದು ಅವರ ಅಪ್ಪ ಓಡಿಸುತ್ತಿದ್ದ ಬಸ್ಸು. "ಮತ್ತೆ ನೀಲಿ ಬಳಿದ್ಯೇನೋ? ಅದು ಹಸಿರು ಕಣೋ!" ಎಂದು ಅಕ್ಕ ಜಗಳ ತೆಗೆದರೆ, ಅಪ್ಪ ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆದು ಕರೆಯುತ್ತಿದ್ದದ್ದು, ಬಾನೆಟ್ಟಿನ ಮೇಲೆ ಕೂರಿಸಿಕೊಳ್ಳುತ್ತಿದ್ದದ್ದು ಎಲ್ಲ ಸಾಕ್ಷಿಗೆ ಬರುತ್ತಿತ್ತು. ಹಸಿರೆಂದು ಪಾದ್ರಿಗಳಿಗೂ ಚೆನ್ನಾಗಿ ಗೊತ್ತಿತ್ತು. ಒಪ್ಪಿಕೊಂಡರೆ ಅಪ್ಪನ ಕುರಿತ ಮಾತು ಅಲ್ಲಿಗೇ ನಿಂತುಹೋದೀತೆಂದು, ಭಾನುವಾರ ಸುಳ್ಳಾಡಬೇಡಿರೆಂದು ಬೋಧಿಸುವ ಆ ಮನುಷ್ಯ ವರ್ಷಗಟ್ಟಲೆ ನೀಲಿಯೆಂದೇ ಹಟ ಹಿಡಿದಿದ್ದರು. ಮೊನ್ನೆ ಅಕ್ಕ ಬಸ್ಸನ್ನು ಬಹಳ ಹೊತ್ತು ನೋಡಿ, "ನೀಲೀನೇ ಇರಬಹುದು. ಈಗ ನಂಗೆ ನೆನಪಾಗ್ತಿಲ್ಲಪ್ಪ" ಎಂದರು. ಕುಂಚ ಕೆಳಗಿಟ್ಟ ಪಾದ್ರಿಗಳು ಮೊದಲ ಸಲ ಸೋಲೊಪ್ಪಿಕೊಂಡರು: "ಇಲ್ಲಕ್ಕ, ಹಸಿರು, ಹಸಿರೇ. ತಿರುವಲ್ಲಿ ಅಪ್ಪ ಹಾರ್ನ್ ಹೊಡೀತಿದ್ರಲ್ಲ, ಆಗ ನೀನೇನ್ ಮಾಡ್ತಿದ್ದೆ, ಹೇಳು."