ಮಾರಾಟಕ್ಕಿಲ್ಲದ ಫ್ಯಾನು

ಈ ದೇಶಕ್ಕೆ ಬಂದ ಮೊದಲ ವಾರದಲ್ಲೇ ನಾನು ಒಬ್ಬರ ಮನೆಗೆ ನುಗ್ಗಿ ಅವರ ಫ್ಯಾನಿಗೆ ಚೌಕಾಸಿ ಮಾಡಿದೆ. ಅದು ಅಂಗಡಿಯಲ್ಲ, ಒಬ್ಬರು ವಾಸವಿರುವ ಮನೆ ಎಂಬುದು ನನ್ನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಗೊತ್ತಿತ್ತು.

ತಪ್ಪು ಪೂರ್ತಿ ನನ್ನದೇ ಎಂದು ಈಗಲೂ ಒಪ್ಪಲಾರೆ. ಇಲ್ಲಿನ ಸೆಕೆ ಬಿಸಿಲಿನ ಸೆಕೆಯಲ್ಲ. ಯಾರೋ ಒದ್ದೆ ಕಂಬಳಿ ಹೊದಿಸಿ ಅದರ ಮೇಲೆ ತಾವೂ ಹತ್ತಿ ಕೂತಂತಿರುತ್ತದೆ. ಕಂಪನಿಯವರು ಕೊಟ್ಟ ಕೋಣೆಯ ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು. ಹೊಸದೊಂದು ತರೋಣ ಎಂದು ಸಂಜೆ ಹೊರಟವನಿಗೆ ನಮ್ಮ ಕ್ವಾರ್ಟರ್ಸ್ ಸಾಲಿನ ಕೊನೆಯಲ್ಲಿ ಬಾಗಿಲು ಹಾರುಹೊಡೆದುಕೊಂಡಿದ್ದ ಕೋಣೆಯೊಂದು ಕಂಡಿತು. ಗೋಡೆಯುದ್ದಕ್ಕೂ ನೆಲದಿಂದ ಸೂರಿನವರೆಗೆ ರಟ್ಟಿನ ಡಬ್ಬಗಳು. ಒಂದರ ಮೇಲೆ ಫ್ಯಾನಿನ ಚಿತ್ರ, ಒಂದರ ಮೇಲೆ ಮಿಕ್ಸಿ, ಇನ್ನೊಂದರ ಮೇಲೆ ಇಸ್ತ್ರಿಪೆಟ್ಟಿಗೆ. ಸೋಫಾಕ್ಕೆ ಬಿಚ್ಚದ ಪ್ಲಾಸ್ಟಿಕ್ಕು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು, ಕಾಲು ಎತ್ತಿ ಸ್ಟೂಲಿನ ಮೇಲಿಟ್ಟು, ವ್ಯಾಪಾರ ಆದರೂ ಸೈ ಆಗದಿದ್ದರೂ ಸೈ ಎಂಬಂತೆ ಕೂತಿದ್ದರು. ಅಂಗಡಿ ಎಂದರೆ ಇನ್ನು ಹೇಗಿರಬೇಕು?

ನಾನು ಒಳಗೆ ಹೋಗಿ ಸೋಫಾದ ಮೇಲೆ ಪರಪರ ಸದ್ದು ಮಾಡುತ್ತ ಕೂತೆ. ತಲೆಯ ಮೇಲೆ ಅದೇ ಚಿತ್ರದ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಗಿರಾಕಿಗಳಿಗೆ ತೋರಿಸಲಿಕ್ಕೆ ಹಾಕಿದ್ದಾರೆ, ಜಾಣರು, ಎಂದುಕೊಂಡೆ. ಡಬ್ಬದ ಕಡೆ ಬೆರಳು ತೋರಿಸಿ, ಬಂದಷ್ಟು ಇಂಗ್ಲಿಷಿನಲ್ಲಿ ಎಷ್ಟು ಎಂದೆ. ಆಕೆ ಎದ್ದು ಹೋಗಿ ಒಂದು ಲೋಟ ನೀರು ತಂದು ಕೊಟ್ಟರು. ಕುಡಿದು ಮತ್ತೆ ಕೇಳಿದೆ. ತಲೆಯಾಡಿಸಿದರು. ನಾನೇ ಒಂದು ಬೆಲೆ ಹೇಳಿದೆ, ಮತ್ತೆ ತಲೆಯಾಡಿಸಿದರು. ಏರಿಸಿದೆ. ನಕ್ಕರು.

"ಬಾಯಿ ಬಿಟ್ಟು ಹೇಳೋಕೆ ಏನು ರೋಗವೋ ಇವರಿಗೆ" ಎಂದು ನನ್ನ ಪಾಡಿಗೆ ನಾನು ಗೊಣಗಿದೆ.

"ರೋಗ ಏನೂ ಇಲ್ಲಪ್ಪ. ಮಾರೋದಿಲ್ಲ, ಅಷ್ಟೇ" ಎಂದರು ಆಕೆ, ಅಚ್ಚ ಕನ್ನಡದಲ್ಲಿ. "ಇದು ಮನೆ. ನೀನು ಕೂತಿರೋದು ನನ್ನ ಸೋಫಾ. ನೀರು ಇನ್ನೊಂದು ಲೋಟ ಬೇಕಾ?"

ಆವತ್ತಿನಿಂದ ಆಕೆಗೆ ನಾನು 'ಗಿರಾಕಿ'. ನಮ್ಮ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸು ಅವರು. ಎಲ್ಲರಿಗೂ ನರ್ಸಕ್ಕ. ಬೆನ್ನ ಹಿಂದೆ ನಮ್ಮವರು ಇಟ್ಟ ಹೆಸರು ಮಾತ್ರ 'ಮುಂದಿನ ವರ್ಷ'. ಊರಿಗೆ ಯಾವಾಗ ವಾಪಸು ಎಂದು ಯಾರು ಕೇಳಿದರೂ ಅವರ ಉತ್ತರ ಅದೊಂದೇ. ನಾನಿನ್ನೂ ಮಗ್ಗಿ ಉರು ಹೊಡೆಯುತ್ತಿದ್ದ ಕಾಲದಿಂದ ಅವರು ಮುಂದಿನ ವರ್ಷ ಹೊರಡುತ್ತಲೇ ಇದ್ದಾರಂತೆ.

ಆ ಡಬ್ಬಗಳ ಗುಟ್ಟು ಆಮೇಲೆ ಗೊತ್ತಾಯಿತು. ಇಲ್ಲಿ ನೆಲೆಸಿದ ನಮ್ಮವರದೊಂದು ಪದ್ಧತಿ: ಕೊಂಡದ್ದನ್ನು ಬಿಚ್ಚುವುದಿಲ್ಲ. ಒಳ್ಳೆಯದೆಲ್ಲ ಊರಿನ ಮನೆಗೆ, ಇಲ್ಲಿನ ಸಂಸಾರಕ್ಕೆ ಹಿಡಿ ಮುರಿದ ಬಾಣಲೆ ಸಾಕು. ಹೇಗೂ ಹೋಗುವವರು ತಾನೇ! ಕಿಟಕಿಗೆ ಪರದೆ ಹಾಕುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ. ನಾನೂ ಅಂಗಿಗಳನ್ನು ಕಿಟಕಿಯ ಸರಳಿಗೆ ನೇತುಹಾಕಿಯೇ ಕಾಲ ತಳ್ಳುತ್ತಿದ್ದೆ. ಅವು ಒಣಗುತ್ತಲೂ ಇರಲಿಲ್ಲ, ಅದು ಬೇರೆ ಮಾತು. ಈ ಹವೆಯಲ್ಲಿ ಉಪ್ಪು ನೀರಾಗುತ್ತದೆ, ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಪೊಟ್ಟಣ ಮುನಿಸಿಕೊಳ್ಳುತ್ತದೆ. ಕೆಲಸದ ಪರವಾನಗಿಯ ಕಚೇರಿಗೆ ಹೋದರೆ ಪ್ರತಿ ಸಲವೂ ಹೊಸ ಫೋಟೊ ಕೇಳುತ್ತಾರೆ, ಹೋದ ಸಲದ ಮುಖದ ಮೇಲೆ ಅವರಿಗೆ ನಂಬಿಕೆಯಿಲ್ಲ. ಭಾನುವಾರ ನಮ್ಮವರು ನಾಲ್ಕು ಜನ ಸೇರಿದರೆ ಇವನ್ನೇ ಹೇಳಿಕೊಂಡು ಗೋಳಾಡುತ್ತೇವೆ. ಸಂಜೆ ಮಳೆ ನಿಂತ ಮೇಲೆ ಬೀಸುವ ಗಾಳಿ, ಹಿತ್ತಲ ಮರದ ಹಣ್ಣು ತಗಡಿನ ಸೂರಿನ ಮೇಲೆ ಧಪ್ಪೆಂದು ಬೀಳುವುದು, ಮದುವೆ ಯಾವಾಗ ಎಂದು ದಾರಿಯಲ್ಲಿ ಯಾರೂ ತಡೆದು ಕೇಳದಿರುವುದು, ಇವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಊರಿಗೆ ದ್ರೋಹ ಬಗೆದಂತೆ.

ನರ್ಸಕ್ಕ ಈ ಗೋಳಿನ ಕೂಟಕ್ಕೆ ಬರುವವರೇ ಅಲ್ಲ. ಆ ಹೊತ್ತಿಗೆ ಅವರು ಇಲ್ಲಿನ ಹೆಂಗಸರ ಜೊತೆ ಜಗಲಿಯಲ್ಲಿ ಇಸ್ಪೀಟು ಆಡುತ್ತಿರುತ್ತಾರೆ. ಗೆದ್ದಾಗ ಅವರು ನಗುವುದು ಬೀದಿಯ ತಿರುವಿನವರೆಗೆ ಕೇಳುತ್ತದೆ. ನಲವತ್ತು ದಾಟಿದ ಮೇಲೆ ಮೊಪೆಡ್ ಕಲಿತರಂತೆ. ಮಳೆಯಲ್ಲಿ ಕೋಟಿಲ್ಲದೆ ನೆನೆಯುತ್ತ ಓಡಿಸುತ್ತಾರೆ. "ಜ್ವರ ಬರಲ್ವಾ ಅಕ್ಕ?" ಎಂದರೆ, "ಬಂದ್ರೆ ನರ್ಸು ಮನೇಲೇ ಇದ್ದಾಳಲ್ಲ" ಎನ್ನುತ್ತಾರೆ.

ನಮ್ಮದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ಅಲ್ಲಿನ ಉಗ್ರಾಣ ನನ್ನ ಸುಪರ್ದಿ. ರಟ್ಟು ನೋಡಲಿಕ್ಕೆ ಸಾಧು, ಅಂಚು ಮಾತ್ರ ಬ್ಲೇಡು. ಹಾಗಾಗಿ ನಾನು ಮೇಲಿಂದ ಮೇಲೆ ಬೆರಳು ಕೊಯ್ದುಕೊಂಡು ನರ್ಸಕ್ಕನ ಮುಂದೆ ಹಾಜರಾಗುತ್ತಿದ್ದೆ. "ಬಾ ಗಿರಾಕಿ. ಮೊದಲು ಕೂತ್ಕೋ, ಆಮೇಲೆ ಅಳು" ಎನ್ನುತ್ತ ಅವರು ಪಟ್ಟಿ ಸುತ್ತುವಷ್ಟರಲ್ಲಿ ನಾನು ಏನಾದರೂ ಕೇಳುತ್ತಿದ್ದೆ. ಬೇರೆಯವರ ವಿಷಯ ಎಂದರೆ ನನಗೆ ಕಿವಿ ನಾಲ್ಕು.

ಊರಿನಲ್ಲಿ ಅವರಿಗೆ ಒಬ್ಬರೇ ಅಣ್ಣ. ಅಪ್ಪ ಬೇಗ ಹೋದದ್ದರಿಂದ ನರ್ಸಿಂಗ್ ಓದಿಸಿದ್ದು ಅಣ್ಣನೇ. ತಾನು ಓದು ಬಿಟ್ಟು ಟೈಲರ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿದು ತಂಗಿಯನ್ನು ಹಾಸ್ಟೆಲಿಗೆ ಸೇರಿಸಿದವರು. ಈಗ ಮನೆಯ ಮೇಲೆ ಮಹಡಿ ಎತ್ತಿ ತಂಗಿಗೆಂದೇ ಒಂದು ರೂಮು ಕಟ್ಟಿಸಿದ್ದರು. ಡಬ್ಬಗಳೆಲ್ಲ ಆ ರೂಮಿಗೆ. ಪ್ರತಿ ಭಾನುವಾರ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತಾರೆ. ತಂಗಿಯ ಬೆನ್ನ ಹಿಂದೆ ಸಾಮಾನಿನ ಗೋಡೆ ಕಂಡು ಅಣ್ಣನಿಗೆ ಸಮಾಧಾನ.

"ರಜಕ್ಕೆ ಹೋದಾಗ ಚೆನ್ನಾಗಿ ನೋಡ್ಕೋತಾರಾ ಅಕ್ಕ?" ಎಂದು ಒಮ್ಮೆ ಕೇಳಿದ್ದೆ.

"ತುಂಬಾ ಚೆನ್ನಾಗಿ. ಅತ್ತಿಗೆ ಒಂದು ಲೋಟ ತೊಳೆಯೋಕೂ ಬಿಡಲ್ಲ. ಬಂದೋರೆಲ್ಲ ನನ್ನ ನೋಡೋಕೇ ಬರ್ತಾರೆ. ಹೊಸ ಸೀರೆ ಉಟ್ಕೊಂಡು ಸೋಫಾದ ತುದೀಲಿ ಕೂತಿರ್ತೀನಿ. ಅಲ್ಲಿ ಕಾಲು ಮೇಲಿಡೋ ಹಾಗಿಲ್ಲ ನೋಡು." ಪಟ್ಟಿಯ ಗಂಟು ಬಿಗಿದು, "ನಡಿ, ಕೆಲಸ ನೋಡು" ಎಂದರು.

ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನ್ನ ಕುತೂಹಲವೆಲ್ಲ ಡಬ್ಬಗಳ ಮೇಲೆ. ಮಳೆಗಾಲದಲ್ಲಿ ನಮ್ಮ ಉಗ್ರಾಣದ ಡಬ್ಬಗಳ ಪಾಡು ಹೇಳತೀರದು. ಬೆಳಗ್ಗೆ ನೆಟ್ಟಗೆ ನಿಂತ ಸಾಲು ಸಂಜೆಗೆ ಹೊಟ್ಟೆ ತುಂಬ ಉಂಡವರ ಹಾಗೆ ಸೊಂಟ ಬಿಟ್ಟು ಕೂತಿರುತ್ತದೆ. ರಟ್ಟು ಗಾಳಿಯ ನೀರು ಕುಡಿಯುತ್ತದೆ, ಮೇಲಿನ ಭಾರಕ್ಕೆ ಕೆಳಗಿನದು ಕುಸಿಯುತ್ತದೆ. ಆದರೆ ನರ್ಸಕ್ಕನ ಮನೆಯ ಗೋಡೆ ಮಳೆ ಬಂದರೂ ಹೋದರೂ ಕವಾಯತಿಗೆ ನಿಂತಂತೆ ನಿಂತಿತ್ತು. ಕೆಳಗಿನ ಡಬ್ಬದ ಮೂಲೆ ಸಹ ಮುದುಡಿರಲಿಲ್ಲ. ನಾನು ಬೆರಗಾದೆ. ಬೆರಗಾಗಿ ಸುಮ್ಮನಿರಲಿಲ್ಲ, ಮೀಟಿಂಗಿನಲ್ಲಿ ಎದ್ದು ನಿಂತು, "ಸಾರ್, ಹಳೇ ಕಾಲದ ರಟ್ಟಿನ ಗಟ್ಟಿತನ ನೋಡಬೇಕಾದರೆ ನರ್ಸಕ್ಕನ ಮನೆಗೆ ಹೋಗಬೇಕು. ನಾವು ಅದನ್ನು ನೋಡಿ ಕಲಿಯಬೇಕು" ಎಂದು ಭಾಷಣ ಬಿಗಿದೆ. ಮ್ಯಾನೇಜರು ತಲೆದೂಗಿದರು. ಹಿಂದಿನ ಸಾಲಿನಲ್ಲಿದ್ದ ನರ್ಸಕ್ಕ ಕೆಮ್ಮಿದರು.

ಆ ಭಾಷಣ ತಂದಿಟ್ಟ ಫಜೀತಿ ಇಷ್ಟು. ರಿಪೇರಿಗೆಂದು ಒಂದು ಯಂತ್ರ ನಮ್ಮ ಊರ ಕಡೆಗೆ ಹಡಗಿನಲ್ಲಿ ಹೋಗುವುದಿತ್ತು. ಕಂಟೇನರಿನಲ್ಲಿ ಇನ್ನೂ ಜಾಗ ಮಿಕ್ಕಿತ್ತು. ಮ್ಯಾನೇಜರಿಗೆ ತಕ್ಷಣ ನೆನಪಾದದ್ದು ನರ್ಸಕ್ಕನ ಸಾಮಾನು. "ಸಿಸ್ಟರ್, ನಿಮ್ಮ ಕೆಲಸದ ಪರವಾನಗಿ ಹೇಗೂ ಈ ತಿಂಗಳು ಮುಗಿಯುತ್ತೆ. ಪ್ರತಿ ಸಲ ಮುಂದಿನ ವರ್ಷ ಅಂತೀರಿ. ಸಾಮಾನು ಪುಕ್ಕಟೆ ಹೋಗುತ್ತೆ, ನೀವೂ ಹೊರಡಿ. ಇಲ್ಲ, ಇರ್ತೀನಿ ಅಂದ್ರೆ ಹೊಸ ಪರವಾನಗಿಗೆ ಸೋಮವಾರ ಬಂದು ಸಹಿ ಹಾಕಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಈ ಸುದ್ದಿ ಯಾರ ಬಾಯಿಂದಲೋ ಊರಿಗೂ ಮುಟ್ಟಿತು. ಅಣ್ಣ ಅವತ್ತೇ ಮಹಡಿಯ ರೂಮಿಗೆ ಬಣ್ಣ ಬಳಿಸಲು ಜನ ಕರೆದರಂತೆ.

"ಪ್ಯಾಕಿಂಗಿಗೆ ನಾನು ಬರ್ತೀನಿ ಅಕ್ಕ. ಡಬ್ಬದ ವಿಷಯ ನನಗೆ ಬಿಡಿ" ಎಂದೆ.

"ಬೇಡಪ್ಪ. ನಾನೇ ಮಾಡ್ಕೋತೀನಿ."

"ಅಷ್ಟು ಭಾರ ನೀವೊಬ್ರೇ ಹೇಗೆ ಎತ್ತುತ್ತೀರಿ?"

"ಎತ್ತುತ್ತೀನಿ ಬಿಡೋ."

"ಸೊಂಟ ಉಳುಕುತ್ತೆ ಅಕ್ಕ."

ಅವರು ನನ್ನನ್ನು ನೋಡಿದ ರೀತಿಗೆ ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ನಾನು ಭಾನುವಾರ ಹಗ್ಗ, ಟೇಪು, ಕತ್ತರಿ ಹಿಡಿದು ಹಾಜರಾದೆ.

ಅವರು ಬಾಗಿಲು ತೆರೆದು, ತಡೆಯಲೂ ಇಲ್ಲ, ಬಾ ಎನ್ನಲೂ ಇಲ್ಲ. ಒಲೆಯ ಮೇಲಿನ ಕಾಫಿ ಉಕ್ಕಿ ಹರಿಯುತ್ತಿದ್ದರೂ ಗಮನವಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಅದನ್ನು ಮೇಜಿನ ಮೇಲೆ ಲೋಟಕ್ಕೆ ಆನಿಸಿ ನಿಲ್ಲಿಸಿ, ಡಬ್ಬಗಳ ಗೋಡೆಗೆ ಬೆನ್ನು ಮಾಡಿ ಕೂತರು. ಸ್ಟೂಲಿನ ಮೇಲೆ ಕಾಲಿಡಲಿಲ್ಲ.

"ಏನೇ ಪುಟ್ಟಿ, ಪ್ಯಾಕಿಂಗ್ ಶುರುವಾಯ್ತಾ?" ಫೋನಿನಲ್ಲಿ ಅಣ್ಣನ ದನಿ. ಆ ವಯಸ್ಸಿನ ನರ್ಸಕ್ಕನನ್ನು ಪುಟ್ಟಿ ಎನ್ನುವವರು ಭೂಮಿಯ ಮೇಲೆ ಇದ್ದಾರೆ ಎಂದು ನನಗೆ ಆಗಲೇ ಗೊತ್ತಾದದ್ದು.

"ಹೂಂ ಅಣ್ಣ."

"ಗೋಡೆಗೆ ನೀನು ಹೇಳಿದ ತಿಳಿಹಸಿರೇ ಬಳಿಸ್ತಾ ಇದ್ದೀನಿ. ನಿಮ್ಮತ್ತಿಗೆ ಗುಲಾಬಿ ಅಂದ್ಲು. ನಾನು, ನೋಡು, ಅದು ಪುಟ್ಟಿ ರೂಮು, ನೀನು ಬಾಯಿ ಹಾಕಬೇಡ ಅಂದೆ. ಫ್ಯಾನಿಗೆ ಕೊಂಡಿ ಹಾಕ್ಸಿದೀನಿ. ನಿನ್ನ ಫ್ಯಾನು ಬಂದ ತಕ್ಷಣ ತೂಗುಹಾಕೋದೇ."

"ಹೂಂ."

ಅವರ ಮಾತಿಗೆ ಅಡ್ಡಿಯಾಗದಿರಲಿ ಎಂದು ನಾನು ಮೆಲ್ಲಗೆ ಸ್ಟೂಲು ಎಳೆದು ಹತ್ತಿದೆ. ಎಲ್ಲಕ್ಕಿಂತ ಮೇಲಿದ್ದದ್ದು ಫ್ಯಾನಿನ ಡಬ್ಬ, ನನ್ನ ಹಳೆಯ ಚೌಕಾಸಿಯ ಮಾಲು. ಫ್ಯಾನಿನ ಮೋಟಾರು ಎಷ್ಟು ತೂಕ ಎಂದು ಬಲ್ಲವನಂತೆ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಎರಡೂ ತೋಳಿನಲ್ಲಿ ತಬ್ಬಿ ಎತ್ತಿದೆ.

ಡಬ್ಬ ಸೂರಿಗೆ ಹೋಗಿ ಬಡಿಯಿತು. ನಾನು ಹಿಂದಕ್ಕೆ ಹಾರಿ ಪ್ಲಾಸ್ಟಿಕ್ ಸೋಫಾದ ಮೇಲೆ ಬಿದ್ದು, ಅಲ್ಲಿಂದ ಜಾರಿ ನೆಲಕ್ಕೆ ಬಂದೆ. ಕಾಲು ತಗುಲಿ ಡಬ್ಬಗಳ ಗೋಡೆಯೆಲ್ಲ ನನ್ನ ಮೇಲೇ ಬಂತು. ಮಿಕ್ಸಿ ಎದೆಯ ಮೇಲೆ, ಕುಕ್ಕರು ತಲೆಯ ಮೇಲೆ, ಇಸ್ತ್ರಿಪೆಟ್ಟಿಗೆ ಮೂಗಿನ ಮೇಲೆ. ಒಂದೂ ನೋಯಲಿಲ್ಲ.

"ಅಕ್ಕ!" ಎಂದು ಬಾಯಿ ಬಡಿದುಕೊಂಡೆ. "ಅಕ್ಕ, ಇದೆಲ್ಲ ಖಾಲಿ!"

ಕೂಗಿ ಆದ ಮೇಲೆ ಫೋನಿನ ನೆನಪಾಯಿತು.

ನೆಲದ ಮೇಲೆ ಅಂಗಾತ ಬಿದ್ದವನ ಕಣ್ಣಿಗೆ ಮೇಲೆ ತಿರುಗುತ್ತಿದ್ದ ಫ್ಯಾನು ಕಂಡಿತು. ಎದೆಯ ಮೇಲಿನ ಮಿಕ್ಸಿಯ ಚಿತ್ರ ಕಂಡಿತು. ನಾನು ಇವರ ಮನೆಯಲ್ಲಿ ಎಷ್ಟೋ ಸಲ ಹಣ್ಣಿನ ರಸ ಕುಡಿದದ್ದು ಅದೇ ಮಿಕ್ಸಿಯದು. ಇಸ್ತ್ರಿಪೆಟ್ಟಿಗೆ ಕಿಟಕಿಯ ಹತ್ತಿರ ಕಣ್ಣೆದುರೇ ಇತ್ತು. ಕುಕ್ಕರು ಅಡುಗೆಮನೆಯಲ್ಲಿ ಕೂತಿತ್ತು. 'ರಗ್ಗು' ಎಂದು ಬರೆದಿದ್ದ ಡಬ್ಬದ ರಗ್ಗನ್ನು ನಮ್ಮ ಕಾರ್ಖಾನೆಯಲ್ಲಿ ಕಸ ಗುಡಿಸುವ ಹೆಂಗಸಿನ ತಾಯಿ ಹೊದ್ದು ಜಗಲಿಯಲ್ಲಿ ಕೂತಿರುವುದನ್ನು ದಿನಾ ನೋಡುತ್ತಿದ್ದೆ. ಒಂದೊಂದಾಗಿ ಬಿಚ್ಚಿ, ಬಳಸಿ, ಕೊಟ್ಟು, ಡಬ್ಬಕ್ಕೆ ಮತ್ತೆ ಟೇಪು ಅಂಟಿಸಿ ಅದೇ ಜಾಗದಲ್ಲಿ ಇಟ್ಟಿದ್ದರು. ಹೊರಲು ಭಾರವಿಲ್ಲದ ಡಬ್ಬ ಕುಸಿಯುವುದಾದರೂ ಯಾಕೆ? ರಟ್ಟಿನ ಅನ್ನ ತಿನ್ನುವ ನನಗೆ ಅಷ್ಟು ಹೊಳೆಯಬಾರದೇ? ಅದರ ಮೇಲೆ ಭಾಷಣ ಬೇರೆ.

"ಪುಟ್ಟಿ? ಏನದು ಸದ್ದು?"

"ಡಬ್ಬ ಬಿತ್ತು ಅಣ್ಣ."

"ಅಯ್ಯೋ. ಏನಾದ್ರೂ ಒಡೀತಾ?"

"ಒಡೆಯೋಕೆ ಒಳಗೆ ಏನೂ ಇಲ್ಲ."

"ಯಾರೋ ಖಾಲಿ ಅಂದ ಹಾಗಾಯ್ತು."

"ಹೌದು. ನಮ್ಮ ಗಿರಾಕಿ."

ಅಣ್ಣನಿಗೆ ಇದು ಎಲ್ಲಿಂದ ಅರ್ಥವಾಗಬೇಕು? ಆದರೆ ತಂಗಿಯ ಬೆನ್ನ ಹಿಂದೆ ಇಷ್ಟು ವರ್ಷ ಕಾಣುತ್ತಿದ್ದ ಗೋಡೆಯ ಜಾಗದಲ್ಲಿ ಈಗ ಬರೀ ಸುಣ್ಣದ ಗೋಡೆ, ಅದಕ್ಕೆ ಹೊಡೆದ ಮೊಳೆಗಳು, ಮೊಳೆಗಳಿಗೆ ನೇತುಹಾಕಿದ ಒಂದು ಹುಲ್ಲಿನ ಟೋಪಿ, ಮೊಪೆಡ್ಡಿನ ಇನ್ನೊಂದು ಬೀಗದ ಕೈ ಮತ್ತು ಇಲ್ಲಿನ ಹೆಂಗಸರ ನಡುವೆ ಇಸ್ಪೀಟೆಲೆ ಹಿಡಿದು ನಗುತ್ತಿರುವ ನರ್ಸಕ್ಕನ ಫೋಟೊ ಕಾಣುತ್ತಿರಬೇಕು. ನನಗಂತೂ ಕಾಣುತ್ತಿತ್ತು. ಎದ್ದು ಡಬ್ಬಗಳನ್ನು ಮತ್ತೆ ಪೇರಿಸಲೇ ಎಂದು ಕೈಸನ್ನೆಯಲ್ಲಿ ಕೇಳಿದೆ. ನರ್ಸಕ್ಕ ಬೇಡವೆಂದು ತಲೆಯಾಡಿಸಿದರು. ಮೊದಲ ದಿನ ಫ್ಯಾನಿನ ಬೆಲೆಗೆ ಆಡಿಸಿದ್ದರಲ್ಲ, ಹಾಗೇ.

"ಕೊಂಡಿ ಹಾಕ್ಸಿಬಿಟ್ಟಿದೀನಲ್ಲೇ" ಎಂದರು ಅಣ್ಣ. ಜಗಳದ ದನಿಯಲ್ಲ. ಕಾಜಾ ಹೊಲಿದ ಮೇಲೆ ಗುಂಡಿ ಕಳೆದುಹೋಗಿದೆ ಎಂದು ತಿಳಿದವರ ದನಿ. ಆಮೇಲೆ ಕೇಳಿದರು: "ನಿಜ ಹೇಳು ಪುಟ್ಟಿ. ಇಲ್ಲಿಗೆ ಬರೋ ಮನಸ್ಸು ನಿನಗೆ ಇದೆಯೋ, ಇಲ್ವೋ?"

ನಾನು ಮಿಕ್ಸಿ ಡಬ್ಬದ ರಟ್ಟು ಎಷ್ಟು ಪದರದ್ದು ಎಂದು ಬಲು ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ನರ್ಸಕ್ಕ ಕಾಲಿನಿಂದ ಸ್ಟೂಲನ್ನು ಹತ್ತಿರ ಎಳೆದುಕೊಂಡು, ಎರಡೂ ಪಾದ ಎತ್ತಿ ಅದರ ಮೇಲಿಟ್ಟರು.

"ಇಲ್ಲ ಅಣ್ಣ. ಆ ರೂಮು ಬಾಡಿಗೆಗೆ ಕೊಟ್ಬಿಡು."